ಪುಸ್ತಕದೊಳಗಿನ ಊಟ, ಕರಾವಳಿಯ ಒಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಇಂಗ್ಲಿಷ್ ಕಾದಂಬರಿ, ನಾಟಕಗಳಲ್ಲಿ ಬರುವ ಊಟವನ್ನು ಇಲ್ಲಿನ ಅಡುಗೆಮನೆಯಲ್ಲಿ ಮಾಡಿ ಬಡಿಸುವ ಬಗ್ಗೆ ಬಂದ ಪ್ರಶ್ನೆಗಳು ಈ ಸಲದವು. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಸಿಗದ ಸಾಮಾನಿಗೆ ಬದಲಿ ಹುಡುಕುವಾಗ ಹೆಸರು ನೋಡಬೇಡಿ, ಆ ಪಾಕದಲ್ಲಿ ಅದು ಏನು ಕೆಲಸ ಮಾಡುತ್ತಿತ್ತು ಎಂದು ನೋಡಿ. ಬಂದ ಪತ್ರಗಳಲ್ಲಿ ಹೆಚ್ಚಿನವು ಎಡವಿದ್ದು ಇಲ್ಲೇ.

ಪ್ರಶ್ನೆ: ನಮ್ಮ ಓದುಕೂಟದಲ್ಲಿ ಹನ್ನೆರಡು ಮಂದಿ. ಜೇನ್ ಆಸ್ಟಿನ್ ಅವರ ‘ಪ್ರೈಡ್ ಆಂಡ್ ಪ್ರಿಜುಡೀಸ್’ ಓದಿ ಮುಗಿಸಿದ್ದೇವೆ. ಅದರೊಳಗಿನ ಊಟ ಮಾಡಬೇಕೆಂದಿದೆ. ನಾಲ್ವರು ಶುದ್ಧ ಸಸ್ಯಾಹಾರಿಗಳು. ಎಲ್ಲಿಂದ ಶುರು ಮಾಡುವುದು? (ಮಣ್ಣಗುಡ್ಡ, ಮಂಗಳೂರು)

ಉತ್ತರ: 1813ರ ಈ ಕಾದಂಬರಿಯಲ್ಲಿ ಅಡುಗೆಯ ವರ್ಣನೆ ಬಹಳ ಕಡಿಮೆ. ಬರುವ ಒಂದೊಂದು ಬಗೆಯೂ ಯಾರದೋ ಸ್ವಭಾವ ತೋರಿಸಲು ಬರುತ್ತದೆ. ಮದುವೆಯೂಟದ ಹಾಗೆ ಇಪ್ಪತ್ತು ಬಗೆಗೆ ಕೈ ಹಾಕಬೇಡಿ, ನಾಲ್ಕು ಸಾಕು. ನೃತ್ಯಕೂಟಕ್ಕೆ ಆಮಂತ್ರಣ ಕಳಿಸುವ ಮೊದಲು ಆಗಿರಬೇಕು ಎಂದು ಬಿಂಗ್ಲಿ ಹೇಳುವ ಬಿಳಿ ಸೂಪು ಒಂದು. ಎಲಿಜಬೆತ್‌ಗೆ ಸಾದಾ ಅಡುಗೆಯೇ ಇಷ್ಟ ಎಂದು ಗೊತ್ತಾದ ಮೇಲೆ ಹರ್ಸ್ಟ್ ಆಕೆಯೊಡನೆ ಮಾತೇ ನಿಲ್ಲಿಸುತ್ತಾನಲ್ಲ, ಅವನಿಗೆ ಪ್ರಿಯವಾದ ರಗೂ (ಮಂದ ಸಾರಿನಲ್ಲಿ ಬೇಯಿಸಿದ ಮಸಾಲೆಯ ಬಗೆ) ಎರಡನೆಯದು. ಲಿಡಿಯಾ ಮತ್ತು ಕಿಟ್ಟಿ ಅಕ್ಕಂದಿರಿಗೆಂದು ಹೋಟೆಲಿನಲ್ಲಿ ತಯಾರಿಸುವ ಸೌತೆಕಾಯಿ ಸಾಲಡ್ ಮೂರನೆಯದು (ದುಡ್ಡು ಕೊಡಬೇಕಾದವರು ಕೊನೆಗೆ ಅಕ್ಕಂದಿರೇ). ನಾಲ್ಕನೆಯದು ಬೆನೆಟ್ ಅಮ್ಮನವರು ಹೆಮ್ಮೆಯಿಂದ ಹೇಳಿಕೊಳ್ಳುವ ಜಿಂಕೆಮಾಂಸದ ರೋಸ್ಟ್. ಜಿಂಕೆಮಾಂಸ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಿಷಿದ್ಧ. ಅದರ ಜಾಗಕ್ಕೆ ಒಂದೂವರೆ ಕಿಲೋದ ಆಡಿನ ತೊಡೆ ತನ್ನಿ.

ಬಿಳಿ ಸೂಪಿನ ಮೂಲ ಪಾಕದಲ್ಲಿ ಎಳೆಗರುವಿನ ಎಲುಬಿನ ಸಾರ, ಬಾದಾಮಿ, ಬ್ರೆಡ್ಡಿನ ತಿರುಳು, ಕ್ರೀಮ್, ಕೆಲವೊಮ್ಮೆ ಮೊಟ್ಟೆಯ ಹಳದಿ ಇರುತ್ತವೆ. ಎಲುಬು ಅಲ್ಲಿ ಮಾಡುವ ಕೆಲಸ ರುಚಿಗಿಂತ ಹೆಚ್ಚಾಗಿ ಮಂದತನ ಕೊಡುವುದು. ಆ ಕೆಲಸವನ್ನು ಅಕ್ಕಿಗೆ ವಹಿಸಿ. ಹಳೆಯ ಕೆಲವು ಪಾಕಗಳಲ್ಲಿ ಅಕ್ಕಿಯೂ ಇದೆ. ಎರಡು ಈರುಳ್ಳಿ, 300 ಗ್ರಾಂ ಸೋರೆಕಾಯಿ, 200 ಗ್ರಾಂ ನವಿಲುಕೋಸು, 30 ಗ್ರಾಂ ಬೆಳ್ತಿಗೆ ಅಕ್ಕಿ, ಹತ್ತು ಬಿಳಿ ಕಾಳುಮೆಣಸು, ಉಗುರಿನಷ್ಟು ಜಾಯಿಪತ್ರೆ ಇಷ್ಟನ್ನು 1.8 ಲೀಟರ್ ನೀರಿನಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕುದಿಸಿ, ಒತ್ತಿ ಸೋಸಿ. ಸುಮಾರು 1.2 ಲೀಟರ್ ಸಿಗಬೇಕು. ಕ್ಯಾರೆಟ್ ಬೇಡ, ಕುಚ್ಚಲಕ್ಕಿಯೂ ಬೇಡ, ಎರಡೂ ಬಣ್ಣ ಕೆಡಿಸುತ್ತವೆ. 150 ಗ್ರಾಂ ಬಾದಾಮಿಯನ್ನು ಬಿಸಿನೀರಿನಲ್ಲಿ ಐದು ನಿಮಿಷ ಹಾಕಿ ಸಿಪ್ಪೆ ಸುಲಿಯಿರಿ. ಅಂಚು ತೆಗೆದ 60 ಗ್ರಾಂ ಬಿಳಿ ಬ್ರೆಡ್ ಸೇರಿಸಿ, ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ರುಬ್ಬಿ. ಒಂದೇ ಸಮನೆ ಮಿಕ್ಸಿ ಓಡಿಸಿದರೆ ಬಿಸಿಯೇರಿ ಬಾದಾಮಿ ಎಣ್ಣೆ ಬಿಡುತ್ತದೆ, ಸೂಪಿನ ಮೇಲೆ ಜಿಡ್ಡು ತೇಲುತ್ತದೆ. ತೆಳುಬಟ್ಟೆಯಲ್ಲಿ ಹಿಂಡಿ ಸಾರಕ್ಕೆ ಸೇರಿಸಿ, ಹತ್ತು ನಿಮಿಷ ಕಾಯಿಸಿ. ಒಲೆ ಆರಿಸಿದ ಮೇಲೆ 150 ಮಿಲಿಲೀಟರ್ ಕ್ರೀಮ್ ಬೆರೆಸಿ. ಕ್ರೀಮ್ ಹಾಕಿ ಮತ್ತೆ ಕುದಿಸಿದರೆ ಒಡೆಯುವ ಸಂಭವ ಹೆಚ್ಚು. ತಲೆಗೆ 120 ಮಿಲಿಲೀಟರ್ ಲೆಕ್ಕದಲ್ಲಿ ಸಣ್ಣ ಕಪ್ಪಿನಲ್ಲಿ ಕೊಡಿ, ಅದಕ್ಕಿಂತ ಹೆಚ್ಚು ಯಾರಿಗೂ ಹೋಗುವುದಿಲ್ಲ. ಸಪ್ಪೆ ಎಂದು ಯಾರಾದರೂ ಒಗ್ಗರಣೆಗೆ ಕೈ ಹಾಕಿಯಾರು, ತಡೆಯಿರಿ. ಒಗ್ಗರಣೆ ಬಿದ್ದರೆ ಅದು ಬಾದಾಮಿ ಸಾರು. ಚೆನ್ನಾಗಿಯೇ ಇರುತ್ತದೆ, ಬಿಂಗ್ಲಿಯ ಮನೆಯದ್ದಾಗಿರುವುದಿಲ್ಲ ಅಷ್ಟೆ.

ರಗೂವನ್ನು ಅಣಬೆಯಲ್ಲಿ ಮಾಡಿ, ಸಸ್ಯಾಹಾರಿಗಳ ಮುಖ್ಯ ಬಗೆ ಅದೇ ಆಗುತ್ತದೆ. 800 ಗ್ರಾಂ ಬಟನ್ ಅಣಬೆಯನ್ನು ಒಂದೇ ಸಲ ಬಾಣಲೆಗೆ ಸುರಿಯಬೇಡಿ. ನೀರು ಬಿಟ್ಟು ಬೇಯುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ನಾಲ್ಕು ಕಂತಿನಲ್ಲಿ, ದೊಡ್ಡ ಉರಿಯಲ್ಲಿ ಹುರಿಯಿರಿ. ಉಪ್ಪು ಕೆಂಪಗಾದ ಮೇಲೆ. ಅದೇ ಬಾಣಲೆಯಲ್ಲಿ 60 ಗ್ರಾಂ ಬೆಣ್ಣೆ, 25 ಗ್ರಾಂ ಮೈದಾ ಹುರಿದು, ತರಕಾರಿ ಬೇಯಿಸಿದ 350 ಮಿಲಿಲೀಟರ್ ನೀರು ಸೇರಿಸಿ ಮಂದವಾದಾಗ ಅಣಬೆ, ಕಾಳುಮೆಣಸು, ಜಾಯಿಪತ್ರೆ, ಅರ್ಧ ಲಿಂಬೆಯ ರಸ.

ಆಡಿನ ಮಾಂಸ ಇಂಗ್ಲೆಂಡಿನ ಕುರಿಮರಿಯಷ್ಟು ಮೆತ್ತಗಿಲ್ಲ, ಕೊಬ್ಬೂ ಕಡಿಮೆ. ಹಳೆಯ ಪಾಕದ ಹಾಗೆ ತೆರೆದಿಟ್ಟು ಸುಟ್ಟರೆ ಒಣಗಿದ ಚಕ್ಕೆಯಾಗುತ್ತದೆ. ಹಿಂದಿನ ರಾತ್ರಿ ಉಪ್ಪು ಸವರಿ, ಮರುದಿನ 300 ಮಿಲಿಲೀಟರ್ ನೀರಿನೊಂದಿಗೆ ಬಿಗಿಯಾಗಿ ಮುಚ್ಚಿ 160 ಡಿಗ್ರಿಯಲ್ಲಿ ಎರಡೂವರೆ ಗಂಟೆ ಬೇಯಿಸಿ. ಆಮೇಲೆ ಮುಚ್ಚಳ ತೆಗೆದು, 210 ಡಿಗ್ರಿಗೆ ಏರಿಸಿ, ಇಪ್ಪತ್ತು ನಿಮಿಷ.

ಬಡಿಸುವ ಕ್ರಮದಲ್ಲಿ ಸ್ವಾರಸ್ಯವಿದೆ. ಒಂದಾದ ಮೇಲೊಂದು ಬಗೆ ತರುವ ಪದ್ಧತಿ ಇಂಗ್ಲೆಂಡಿನಲ್ಲಿ ರೂಢಿಯಾದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆಸ್ಟಿನ್ ಕಾಲದಲ್ಲಿ ಒಂದು ಸರದಿಯ ಎಲ್ಲವೂ ಒಟ್ಟಿಗೆ ಮೇಜಿನ ಮೇಲಿರುತ್ತಿತ್ತು. ಎದುರಿಗಿದ್ದದ್ದನ್ನು ಪಕ್ಕದವರಿಗೆ ಬಡಿಸುವುದು, ದೂರದ್ದನ್ನು ಕೇಳಿ ಪಡೆಯುವುದು. ನಮ್ಮ ಪಂಕ್ತಿಯಲ್ಲಿ ಬಡಿಸುವವರು ಓಡಾಡುತ್ತಾರೆ, ಅಲ್ಲಿ ಪಾತ್ರೆ ಓಡಾಡುತ್ತದೆ. ಆದ್ದರಿಂದ ಮಾಂಸವನ್ನು ಒಂದು ತುದಿಯಲ್ಲಿ, ಸಸ್ಯಾಹಾರವನ್ನು ಇನ್ನೊಂದು ತುದಿಯಲ್ಲಿ ಇಟ್ಟು ಸೌಟು ಬೇರೆ ಬೇರೆ ಇಡಿ. ನಾಲ್ವರು ಸಸ್ಯಾಹಾರಿಗಳು ಒತ್ತಟ್ಟಿಗೆ ಕೂತರೆ ಎಲ್ಲರಿಗೂ ನಿರಾಳ.

ಪ್ರಶ್ನೆ: ಅದೇ ಕಾದಂಬರಿಯ ಕಾಲದ ನೀಗಸ್ ಎಂಬ ಬಿಸಿ ಪಾನೀಯ ಕೊಡಬೇಕೆಂದಿದೆ. ನಮ್ಮಲ್ಲಿ ವೈನ್ ನಡೆಯುವುದಿಲ್ಲ. ದ್ರಾಕ್ಷಿ ಜ್ಯೂಸಿನಲ್ಲಿ ಮಾಡಿದರೆ ಕೆಮ್ಮಿನ ಸಿರಪ್ಪಿನ ಹಾಗಾಯಿತು. (ಕುಂದಾಪುರ)

ಉತ್ತರ: ಡಬ್ಬದ ದ್ರಾಕ್ಷಿ ರಸ ಬರೀ ಸಿಹಿ. ನೀಗಸ್‌ಗೆ ಹಾಕುತ್ತಿದ್ದ ಪೋರ್ಟ್ ಎಂಬ ಸಿಹಿ ಕೆಂಪು ವೈನ್ ಕೊಡುತ್ತಿದ್ದದ್ದು ಬಣ್ಣ, ಹುಳಿ, ನಾಲಿಗೆ ಹಿಡಿಯುವ ಒಗರು. ಈ ಮೂರೂ ಇರುವುದು ನಮ್ಮ ಪುನರ್ಪುಳಿಯಲ್ಲಿ. 1861ರ ಬೀಟನ್ ಅವರ ಪಾಕಪುಸ್ತಕದ ಲೆಕ್ಕ ಒಂದು ಪಾಲು ಪೋರ್ಟಿಗೆ ಎರಡು ಪಾಲು ಕುದಿಯುವ ನೀರು; ಜೊತೆಗೆ ಸಕ್ಕರೆ, ಒಂದು ಲಿಂಬೆ, ಜಾಯಿಕಾಯಿ. ಆ ಅಳತೆಯನ್ನೇ ಹಿಡಿಯಿರಿ. 40 ಗ್ರಾಂ ಒಣ ಪುನರ್ಪುಳಿ ಸಿಪ್ಪೆಯನ್ನು ಅರ್ಧ ಲೀಟರ್ ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ ಹಿಂಡಿ. ಒಂದು ಲೀಟರ್ ಕುದಿಯುವ ನೀರು, 120 ಗ್ರಾಂ ಸಕ್ಕರೆ, ಲಿಂಬೆಯ ಹಳದಿ ಸಿಪ್ಪೆಯ ತುರಿ (ರಸ ಬೇಡ, ಹುಳಿ ಆಗಲೇ ಇದೆ), ಕಾಲು ಟೀ ಚಮಚ ಆಗಷ್ಟೇ ತುರಿದ ಜಾಯಿಕಾಯಿ ಸೇರಿಸಿ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯೂ ಅಂಗಡಿಯಲ್ಲಿರುತ್ತದೆ, ಕೇಳಿ ತನ್ನಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಬೇಡ. ನೀಗಸ್ ಹೆಚ್ಚಾಗಿ ಮಕ್ಕಳ ಕೂಟಗಳಲ್ಲಿ ಕುಡಿಯುವಂಥದ್ದು, ಹಾಗಾಗಿ ಹಳೆಯ ದುಬಾರಿ ವೈನ್ ಬೇಕಿಲ್ಲ ಎಂದು ಬೀಟನ್ ಬರೆದಿದ್ದಾರೆ! ಪುನರ್ಪುಳಿಯದ್ದನ್ನು ಮಕ್ಕಳಿಗೆ ನಿಶ್ಚಿಂತೆಯಿಂದ ಕೊಡಬಹುದು.

ಪ್ರಶ್ನೆ: ನಮ್ಮ ಮನೆಯಲ್ಲಿ ಚಾತುರ್ಮಾಸ್ಯ ವ್ರತ ನಡೆಸುತ್ತಾರೆ. ಕೂಟದ ದಿನ ಕ್ಷೀರವ್ರತದ ತಿಂಗಳಲ್ಲಿ ಬಿದ್ದಿದೆ. ಹಾಲು, ಕ್ರೀಮ್ ಇಲ್ಲದೆ ಇಂಗ್ಲಿಷ್ ಊಟ ಸಾಧ್ಯವೇ? (ರಥಬೀದಿ, ಉಡುಪಿ)

ಉತ್ತರ: ಸಾಧ್ಯ. ಪುಸ್ತಕ ಮಾತ್ರ ಬದಲಿಸಿ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ಮಾಂಸ, ಮೊಟ್ಟೆ, ಹಾಲು ಎಲ್ಲವೂ ವರ್ಜ್ಯ. ಆಗ ಅಡುಗೆಯವರು ಹಸುವಿನ ಹಾಲಿನ ಜಾಗಕ್ಕೆ ತಂದದ್ದು ಬಾದಾಮಿ ಹಾಲನ್ನು. 1390ರ ಸುಮಾರಿನಲ್ಲಿ ಎರಡನೆಯ ರಿಚರ್ಡ್ ದೊರೆಯ ಅಡುಗೆಯವರು ಬರೆದಿಟ್ಟ ಪಾಕಗಳಲ್ಲಿ ಅದು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಅದೇ ಕಾಲದ ಚಾಸರ್‌ನ ‘ಕ್ಯಾಂಟರ್ಬರಿ ಟೇಲ್ಸ್’ನಲ್ಲಿ ಬರುವ ಅಡುಗೆಯವನಿಗೆ ಬ್ಲಾಂಕ್‌ಮಾಂಜೆ ಮಾಡುವುದರಲ್ಲಿ ಎತ್ತಿದ ಕೈ. ಅದು ಅಕ್ಕಿ, ಬಾದಾಮಿ ಹಾಲು, ಸಕ್ಕರೆಯ ಮೆತ್ತನೆಯ ತಿನಿಸು. ಮೂಲದಲ್ಲಿ ಕೋಳಿಯ ಎಳೆಗಳೂ ಇರುತ್ತಿದ್ದವು, ನಿಮಗೆ ಅದರ ಗೊಡವೆಯಿಲ್ಲ.

ಎಂಟು ಮಂದಿಗೆ ಸಿಪ್ಪೆ ಸುಲಿದ 140 ಗ್ರಾಂ ಬಾದಾಮಿಯನ್ನು 750 ಮಿಲಿಲೀಟರ್ ನೀರಿನೊಂದಿಗೆ ಎರಡು ಕಂತಿನಲ್ಲಿ ರುಬ್ಬಿ ಹಿಂಡಿ. 100 ಗ್ರಾಂ ಬೆಳ್ತಿಗೆ ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಬಸಿದು, ತರಿಯಾಗಿ ಪುಡಿ ಮಾಡಿ. ಎರಡನ್ನೂ ತಣ್ಣಗಿರುವಾಗಲೇ ಬೆರೆಸಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಡದೆ ತಿರುವಿ. ಕುದಿಯುವ ಹಾಲಿಗೆ ತರಿ ಸುರಿದರೆ ಗಂಟು ಕಟ್ಟುತ್ತದೆ, ದೊಡ್ಡ ಉರಿಯಿಟ್ಟರೆ ಬಾದಾಮಿ ಹಾಲು ಒಡೆದ ಹಾಗೆ ಕಾಣುತ್ತದೆ. ಕೊನೆಗೆ 50 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ಮೇಲೆ ಹುರಿದ ಬಾದಾಮಿ ಚೂರು. ಬೆಲ್ಲ ಬೇಡ, ಹೆಸರಿನ ಅರ್ಥವೇ ‘ಬಿಳಿ ತಿನಿಸು’ ಎಂದು. ತೆಂಗಿನಹಾಲೂ ಬೇಡ, ಅದನ್ನು ಹಾಕಿದ ಕೂಡಲೇ ನಾಲಿಗೆ ಪಾಯಸ ಎಂದು ಗುರುತು ಹಿಡಿದುಬಿಡುತ್ತದೆ. ಬೇಳೆಕಾಳು ಬಿಡುವ ದ್ವಿದಳ ವ್ರತದ ತಿಂಗಳಲ್ಲಾದರೆ ಬಾದಾಮಿ ಸಲ್ಲುತ್ತದೆಯೇ ಎಂದು ಮನೆಯ ಹಿರಿಯರನ್ನೇ ಕೇಳಿ, ಅದು ಪತ್ರಿಕೆ ತೀರ್ಮಾನಿಸುವ ವಿಷಯವಲ್ಲ.

ಪ್ರಶ್ನೆ: ಡಿಕನ್ಸ್‌ನ ‘ಎ ಕ್ರಿಸ್ಮಸ್ ಕ್ಯಾರಲ್’ ಓದಿ ಪ್ಲಮ್ ಪುಡಿಂಗ್ ಮಾಡಲು ಹೊರಟೆವು. ದನದ ಕೊಬ್ಬಿನ ಬದಲು ತುಪ್ಪ, ಪ್ಲಮ್ ಸಿಗದೆ ಟೂಟಿ ಫ್ರೂಟಿ ಹಾಕಿದೆವು. ಕಲ್ಲಿನಂತೆ ಗಟ್ಟಿ, ಮೇಲೆ ತುಪ್ಪದ ಕೆರೆ. ಮನೆಯಲ್ಲಿ ಓವನ್ ಇಲ್ಲ. (ಸುರತ್ಕಲ್)

ಉತ್ತರ: ಓವನ್ ಬೇಡವೇ ಬೇಡ, ಇದು ಕಡುಬಿನ ಜಾತಿ. ಕಥೆಯ ಬಡ ಗುಮಾಸ್ತ ಕ್ರಾಚಿಟ್ ಮನೆಯಲ್ಲೂ ಬಟ್ಟೆ ಒಗೆಯುವ ನೀರು ಕಾಯಿಸುವ ಹಂಡೆಯಲ್ಲೇ ಬೇಯಿಸಿದ್ದು. ಪ್ಲಮ್ ಕೂಡ ಬೇಡ. ಆ ಕಾಲದ ಮಾತಿನಲ್ಲಿ ಇಲ್ಲಿ ಪ್ಲಮ್ ಎಂದರೆ ಒಣದ್ರಾಕ್ಷಿ.

ನಿಮ್ಮ ಪುಡಿಂಗ್ ಕೆಟ್ಟದ್ದು ತುಪ್ಪದಿಂದಲ್ಲ, ಅದು ಕರಗಿದ ಹೊತ್ತಿನಿಂದ. ದನದ ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬು ಕರಗಲು ನಲವತ್ತೈದು ಡಿಗ್ರಿಗೂ ಮೇಲೆ ಹೋಗಬೇಕು. ಅಷ್ಟರಲ್ಲಿ ಹಿಟ್ಟು ಬಿಗಿಯಲು ಶುರುವಾಗಿರುತ್ತದೆ, ಕೊಬ್ಬು ಕರಗಿದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿದು ಪುಡಿಂಗ್ ಹಗುರಾಗುತ್ತದೆ. ನಮ್ಮ ಊರಿನ ಸೆಕೆಯಲ್ಲಿ ತುಪ್ಪ ಕಲಸುವಾಗಲೇ ಕರಗಿ ಹಿಟ್ಟಿಗೆ ಅಂಟಿಕೊಳ್ಳುತ್ತದೆ. ತೆಂಗಿನೆಣ್ಣೆ ಇನ್ನೂ ಕಷ್ಟ, ಅದು ಇಪ್ಪತ್ತನಾಲ್ಕು ಡಿಗ್ರಿಗೇ ನೀರು. ಉಪಾಯ ಇಷ್ಟೇ: 85 ಗ್ರಾಂ ತುಪ್ಪವನ್ನು ಮೂರು ಗಂಟೆ ಫ್ರೀಜರಿನಲ್ಲಿಟ್ಟು, ಕಲ್ಲಾದ ಮೇಲೆ 75 ಗ್ರಾಂ ಮೈದಾದ ಮೇಲೆಯೇ ತುರಿದು, ಬೆರಳ ತುದಿಯಲ್ಲಿ ಹೊರಳಿಸಿ, ಮತ್ತೆ ಹತ್ತು ನಿಮಿಷ ಫ್ರೀಜರಿನಲ್ಲಿಡಿ. ಕಟ್ಟಕಡೆಗೆ ಬೆರೆಸಿ, ತಡಮಾಡದೆ ಹಬೆಗಿಡಿ.

ಉಳಿದ ಸಾಮಾನು ಎಂಟು ಮಂದಿಗೆ: ಒಣದ್ರಾಕ್ಷಿ 150 ಗ್ರಾಂ, ಕಪ್ಪು ಒಣದ್ರಾಕ್ಷಿ 150, ಬ್ರೆಡ್ಡಿನ ಪುಡಿ 100, ಪುಡಿ ಮಾಡಿದ ಓಲೆಬೆಲ್ಲ 100, ತುರಿದ ಸೇಬು 80, ಸಕ್ಕರೆಪಾಕದಲ್ಲಿ ಹಾಕಿದ ಕಿತ್ತಳೆ ಸಿಪ್ಪೆ 50, ಮೊಟ್ಟೆ ಎರಡು, ದಾಲ್ಚಿನ್ನಿ ಪುಡಿ ಅರ್ಧ ಟೀ ಚಮಚ, ಜಾಯಿಕಾಯಿ ಕಾಲು, ಲವಂಗ ಚಿಟಿಕೆ, ಉಪ್ಪು ಕಾಲು. ದ್ರಾಕ್ಷಿಯನ್ನು ಹಿಂದಿನ ರಾತ್ರಿ 60 ಮಿಲಿಲೀಟರ್ ಬ್ರಾಂಡಿ ಅಥವಾ ಕಿತ್ತಳೆ ರಸದಲ್ಲಿ ನೆನೆಸಿ. ಟೂಟಿ ಫ್ರೂಟಿ ಎಂದರೆ ಬಣ್ಣ ಹಾಕಿದ ಪಪ್ಪಾಯಿ, ಬರೀ ಸಿಹಿ. ಇಲ್ಲಿ ಬೇಕಾದದ್ದು ಸಿಪ್ಪೆಯ ಕಹಿ. ಮನೆಯಲ್ಲೇ ಮಾಡುವುದಾದರೆ ಸಿಪ್ಪೆಯನ್ನು ಮೂರು ಸಲ ನೀರು ಬದಲಿಸಿ ಕುದಿಸಿ, ಆಮೇಲೆ ಪಾಕಕ್ಕೆ ಹಾಕಿ. ಮೊಟ್ಟೆ ಬೇಡದವರು ಬೇಯಿಸಿ ಜಜ್ಜಿದ ಗೆಣಸು 80 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ ಹಾಕಲಿ. ಬಾಳೆಹಣ್ಣೂ ಹಿಡಿದುಕೊಳ್ಳುತ್ತದೆ, ಆದರೆ ಮಸಾಲೆಯ ಪರಿಮಳವನ್ನೆಲ್ಲ ತಾನೇ ನುಂಗುತ್ತದೆ.

ಒಂದೂಕಾಲು ಲೀಟರ್ ಹಿಡಿಯುವ ಬಟ್ಟಲಿಗೆ ಬೆಣ್ಣೆ ಸವರಿ ತುಂಬಿ, ಮೇಲೆ ಎರಡು ಬೆರಳು ಜಾಗ ಬಿಡಿ. ಬೆಣ್ಣೆ ಕಾಗದವನ್ನು ನಡುವೆ ಒಂದು ನೆರಿಗೆ ಕೊಟ್ಟು ಮುಚ್ಚಿ, ಅದರ ಮೇಲೆ ಫಾಯಿಲ್, ಮೇಲೆ ದಾರ. ನೆರಿಗೆ ಇಲ್ಲದಿದ್ದರೆ ಉಬ್ಬಿದಾಗ ಕಾಗದ ಹರಿಯುತ್ತದೆ. ಬಾಡಿಸಿದ ಬಾಳೆಲೆಯಲ್ಲಿ ಮುಚ್ಚುವ ಆಸೆ ಸಹಜ, ಆದರೆ ಎಲೆಯ ಪರಿಮಳ ಇಳಿದು ಎಲೆ ಕಡುಬಿನ ನೆನಪಾಗುತ್ತದೆ. ಇಡ್ಲಿ ಪಾತ್ರೆಯಲ್ಲಿ ನಾಲ್ಕು ಗಂಟೆ ಹಬೆ ಬೇಕು. ಮುಕ್ಕಾಲು ಗಂಟೆಗೊಮ್ಮೆ ಕುದಿಯುವ ನೀರನ್ನೇ ಸೇರಿಸಿ. ತಣ್ಣೀರು ಹೊಯ್ದರೆ ಹಬೆ ನಿಂತು ನಡುಭಾಗ ಕುಸಿಯುತ್ತದೆ. ಕಥೆಯಲ್ಲಿರುವಂತೆ ಚೆಂಡಿನಾಕಾರವೇ ಬೇಕೆಂದರೆ ಬಣ್ಣವಿಲ್ಲದ ಹತ್ತಿ ಬಟ್ಟೆ, ಹಳೆಯ ಬಿಳಿ ಪಂಚೆ ಆದೀತು. ಸಾಬೂನಿನ ವಾಸನೆ ಹೋಗುವಷ್ಟು ಕುದಿಸಿ, ಹಿಂಡಿ, ಒಳಮೈಗೆ ಧಾರಾಳವಾಗಿ ಮೈದಾ ಉದುರಿಸಿ. ಕಟ್ಟಿದ ಗಂಟನ್ನು ಮಳ್ಳೆ ಮರಳುವ ನೀರಿಗೇ ಇಳಿಸಬೇಕು. ಉಗುರುಬೆಚ್ಚಗಿನ ನೀರಿಗೆ ಇಳಿಸಿದರೆ ಮೈದಾದ ಪದರ ಕರಗಿ ನೀರು ಒಳಗೆ ಹೋಗುತ್ತದೆ. ಬೆಂದಿದೆಯೋ ಇಲ್ಲವೋ, ಬಟ್ಟೆ ಬಿಚ್ಚುವಾಗ ಒಡೆದೀತೋ ಎಂದು ಕ್ರಾಚಿಟ್ ಗೃಹಿಣಿ ಹೆದರುವುದರಲ್ಲಿ ಅರ್ಥವಿದೆ. ಬಿಚ್ಚುವ ಮೊದಲು ಹತ್ತು ನಿಮಿಷ ಸುಮ್ಮನೆ ಬಿಡಿ.

ಬ್ರಾಂಡಿ ಉರಿಸುವುದಾದರೆ ಮೂರು ದೊಡ್ಡ ಚಮಚ ಸಾಕು. ಸೌಟಿನಲ್ಲಿ ಬೆಚ್ಚಗೆ ಮಾಡಿ, ಬೆಂಕಿ ತಾಗಿಸಿ, ಸುರಿಯಿರಿ. ಫ್ಯಾನ್ ಆರಿಸಿ, ಪರದೆಯಿಂದ ದೂರ ನಿಲ್ಲಿ. ಮದ್ಯ ಬೇಡವೆಂದು ಮೇಲೆ ಕರ್ಪೂರ ಇಟ್ಟು ಹಚ್ಚಬೇಡಿ, ಪೂಜೆಯ ಕರ್ಪೂರ ತಿನ್ನುವ ವಸ್ತುವಲ್ಲ. ಜೊತೆಗೆ ಕಸ್ಟರ್ಡ್ ಕೊಡಿ. ಮೊಟ್ಟೆ ಒಗ್ಗದ ಹೆಂಡತಿಗಾಗಿ ಆಲ್ಫ್ರೆಡ್ ಬರ್ಡ್ ಎಂಬವರು ಬರ್ಮಿಂಗ್‌ಹ್ಯಾಮ್‌ನಲ್ಲಿ 1837ರಲ್ಲೇ ಮೊಟ್ಟೆಯಿಲ್ಲದ ಕಸ್ಟರ್ಡ್ ಪೌಡರ್ ಮಾಡಿದ್ದರು. ಡಬ್ಬದ ಪುಡಿ ಎಂದು ನಾಚಬೇಕಾಗಿಲ್ಲ, ಅದು ಈ ಕಥೆಗಿಂತ ಆರು ವರ್ಷ ಹಿರಿಯದು. ಪುಡಿಂಗನ್ನು ಮುಂಚೆ ಮಾಡಿಡುವುದಾದರೆ ಫ್ರಿಜ್ಜಿನಲ್ಲಿ ಹತ್ತು ದಿನ. ಅಲ್ಲಿಯ ಚಳಿಯಲ್ಲಿ ತಿಂಗಳುಗಟ್ಟಲೆ ಹೊರಗಿಡುತ್ತಿದ್ದರು, ನಮ್ಮ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ಬಡಿಸುವ ದಿನ ಮತ್ತೆ ಒಂದು ಗಂಟೆ ಹಬೆ.

ಬಾತುಕೋಳಿ ರೋಸ್ಟಿನ ಆಸೆಯಿದ್ದರೆ ಪರಿಚಯದ ಬೇಕರಿಯವರನ್ನು ಎರಡು ದಿನ ಮುಂಚೆ ಕೇಳಿ ನೋಡಿ. ಕ್ರಾಚಿಟ್ ಮನೆಯ ಹೆಬ್ಬಾತು ಸಹ ಬೆಂದದ್ದು ಬೇಕರಿಯ ಒಲೆಯಲ್ಲೇ. ಮೇಜಿನ ಮೇಲಿಡುವ ಚೀಟಿಗೆ ಒಂದು ಸಂಗತಿ: ಈ ಕಥೆ ಲಂಡನ್ನಿನಲ್ಲಿ ಅಚ್ಚಾದದ್ದು 1843ರ ಡಿಸೆಂಬರಿನಲ್ಲಿ, ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಹೊರಬಂದದ್ದು ಅದೇ ವರ್ಷದ ಜುಲೈಯಲ್ಲಿ.

ಪ್ರಶ್ನೆ: ಕಾಲೇಜಿನಲ್ಲಿ ಆಸ್ಕರ್ ವೈಲ್ಡ್ ಅವರ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ನಾಟಕದ ವಾಚನ. ಇಪ್ಪತ್ತು ಮಂದಿಗೆ ಸೌತೆಕಾಯಿ ಸ್ಯಾಂಡ್‌ವಿಚ್ ಮಾಡಿದೆವು, ಒಂದು ಗಂಟೆಯೊಳಗೆ ಒದ್ದೆ ಮುದ್ದೆ. (ಮಣಿಪಾಲ)

ಉತ್ತರ: ಮೊದಲು, ಯಾವ ಸೌತೆ? ಸಾಂಬಾರಿನ ಹಳದಿ ಮಂಗಳೂರು ಸೌತೆ ಇದಕ್ಕಲ್ಲ, ಎಳೆಯ ಮುಳ್ಳುಸೌತೆ ಬೇಕು. ನಾಲ್ಕನ್ನು ಸಿಪ್ಪೆ ತೆಗೆದು, ಬೀಜದ ಭಾಗ ಬಿಟ್ಟು, ಕಾಗದದಷ್ಟು ತೆಳ್ಳಗೆ ಹೆಚ್ಚಿ. ಅರ್ಧ ಟೀ ಚಮಚ ಉಪ್ಪು ಬೆರೆಸಿ ಹದಿನೈದು ನಿಮಿಷ ಜರಡಿಯಲ್ಲಿಟ್ಟು, ಬಟ್ಟೆಯಲ್ಲಿ ಒತ್ತಿ ಒರೆಸಿ. ಬೆಣ್ಣೆ ಇಲ್ಲಿ ರುಚಿಗಿಂತ ಹೆಚ್ಚಾಗಿ ನೀರು ತಡೆಯುವ ಗೋಡೆ. ಎರಡೂ ಹೋಳಿಗೆ ಅಂಚಿನವರೆಗೂ ಸವರಬೇಕು. ಮಯೊನೀಸ್ ಆ ಕೆಲಸ ಮಾಡುವುದಿಲ್ಲ. 400 ಗ್ರಾಂನ ಮೂರು ಬ್ರೆಡ್, 300 ಗ್ರಾಂ ಬೆಣ್ಣೆ. ಅಂಚು ಕತ್ತರಿಸಿ ಒಂದೊಂದನ್ನು ಮೂರು ಪಟ್ಟಿ ಮಾಡಿದರೆ ತಲೆಗೆ ಮೂರು ಬರುತ್ತದೆ. ಬಡಿಸುವವರೆಗೆ ಹಿಂಡಿದ ಒದ್ದೆ ಬಟ್ಟೆ ಮುಚ್ಚಿಡಿ. ಒಂದು ತಟ್ಟೆಯನ್ನು ಮೊದಲ ಅಂಕಕ್ಕೆಂದೇ ಬೇರೆ ಇಡಿ, ಆಲ್ಜರ್ನಾನ್ ಪಾತ್ರಧಾರಿ ಅದನ್ನು ಚಿಕ್ಕಮ್ಮ ಬರುವ ಮೊದಲೇ ಖಾಲಿ ಮಾಡಬೇಕಲ್ಲ.

ಪ್ರಶ್ನೆ: ಹಳೆಯ ಪುಸ್ತಕದ ಪೈಂಟ್, ಗಿಲ್, ‘ಕ್ವಿಕ್ ಓವನ್’ ಇವುಗಳ ಲೆಕ್ಕ ಹೇಗೆ? (ಕಾರ್ಕಳ)

ಉತ್ತರ: ಪುಸ್ತಕದ ವರ್ಷ ನೋಡಿ. 1824ರ ಕಾಯ್ದೆಯ ನಂತರದ ಬ್ರಿಟಿಷ್ ಪೈಂಟ್ 568 ಮಿಲಿಲೀಟರ್. ಅದಕ್ಕೂ ಹಿಂದೆ ವೈನಿನ ಪೈಂಟ್ 473, ಅಮೆರಿಕದವರು ಇಂದಿಗೂ ಅದನ್ನೇ ಹಿಡಿಯುತ್ತಾರೆ. ಗಿಲ್ ಎಂದರೆ ಪೈಂಟಿನ ಕಾಲು ಪಾಲು, 142. ಪೌಂಡ್ 454 ಗ್ರಾಂ, ಔನ್ಸ್ 28. ‘ಮೊಟ್ಟೆಯಷ್ಟು ಬೆಣ್ಣೆ’ ಎಂದರೆ ಸುಮಾರು 55 ಗ್ರಾಂ. ಕ್ವಿಕ್ ಓವನ್ 200ರಿಂದ 220 ಡಿಗ್ರಿ, ಮಾಡರೇಟ್ 180, ಸ್ಲೋ 150. ಹೊಸಬರು 1845ರ ಎಲೈಜಾ ಆಕ್ಟನ್ ಪುಸ್ತಕದಿಂದ ಶುರು ಮಾಡುವುದು ಒಳ್ಳೆಯದು. ಸಾಮಾನು, ಅಳತೆಗಳನ್ನು ಬೇರೆಯಾಗಿ ಪಟ್ಟಿ ಮಾಡಿ ಕೊಟ್ಟವರು ಅವರು.

ಪ್ರಶ್ನೆ: ‘ಜೇನ್ ಏರ್’ನಲ್ಲಿ ಟೆಂಪಲ್ ಟೀಚರ್ ಮಕ್ಕಳಿಗೆ ಕೊಡುವ ಸೀಡ್ ಕೇಕ್ ಮಾಡಿದೆ. ಜೀರಿಗೆ ಕಷಾಯದ ವಾಸನೆ, ಚಪ್ಪಟೆ ಬೇರೆ. (ಬಲ್ಮಠ, ಮಂಗಳೂರು)

ಉತ್ತರ: ವಾಸನೆಗೆ ಕಾರಣ ನೀವು ಹಾಕಿದ ಅಡುಗೆ ಜೀರಿಗೆ. ಬೇಕಾದದ್ದು ಕ್ಯಾರವೇ. ಶಾಹಿ ಜೀರಿಗೆ ಎಂಬ ಹೆಸರಲ್ಲಿ ಎರಡು ಬೇರೆ ಬೀಜಗಳು ಮಾರಾಟವಾಗುತ್ತವೆ. ಕಪ್ಪಾಗಿ ಕೂದಲಿನಂತೆ ತೆಳ್ಳಗಿರುವುದು ಬಿರಿಯಾನಿಯದು. ಕಂದು ಬಣ್ಣದ, ಬಿಲ್ಲಿನಂತೆ ಬಾಗಿದ, ತಿಳಿ ಗೆರೆಗಳಿರುವ ಬೀಜ ನಿಮ್ಮದು. 225 ಗ್ರಾಂ ಮೈದಾಕ್ಕೆ ಎರಡು ಟೀ ಚಮಚ ಸಾಕು.

ಚಪ್ಪಟೆಯಾದದ್ದು ಬೆಣ್ಣೆಯಿಂದ. 175 ಗ್ರಾಂ ಬೆಣ್ಣೆ, ಅಷ್ಟೇ ಪುಡಿಸಕ್ಕರೆ ಸೇರಿಸಿ ಬೀಸಿದಾಗ ಗಾಳಿ ಹಿಡಿಯಬೇಕಾದರೆ ಬೆಣ್ಣೆ ಇಪ್ಪತ್ತು ಡಿಗ್ರಿಯ ಆಸುಪಾಸು ಇರಬೇಕು. ಪಾಕಪುಸ್ತಕದಲ್ಲಿ ‘ಕೋಣೆಯ ಉಷ್ಣಾಂಶ’ ಎಂದಿರುವುದು ಆ ಊರಿನ ಕೋಣೆ, ಬಲ್ಮಠದ್ದಲ್ಲ. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷಕ್ಕೆ ಶುರು ಮಾಡಿ, ಬೆಣ್ಣೆ ಮಿರುಗತೊಡಗಿದರೆ ಬಟ್ಟಲನ್ನು ತಣ್ಣೀರಿನಲ್ಲಿಡಿ. ಮೂರು ಮೊಟ್ಟೆ ಒಂದೊಂದಾಗಿ. ಒಡೆದಂತೆ ಕಂಡರೆ ಒಂದು ಚಮಚ ಮೈದಾ ಹಾಕಿ. ಒಂದು ಟೀ ಚಮಚ ಬೇಕಿಂಗ್ ಪೌಡರ್, ಎರಡು ದೊಡ್ಡ ಚಮಚ ಹಾಲು, 170 ಡಿಗ್ರಿಯಲ್ಲಿ 55 ನಿಮಿಷ.

ಪ್ರಶ್ನೆ: ಶಾಲೆಯಲ್ಲಿ ‘ಆಲಿವರ್ ಟ್ವಿಸ್ಟ್’ ದೃಶ್ಯಕ್ಕೆ ನಲವತ್ತು ಮಕ್ಕಳಿಗೆ ನಿಜವಾದ ಗ್ರೂಯಲ್ ಬೇಕು. (ಬ್ರಹ್ಮಾವರ)

ಉತ್ತರ: ಅದು ಓಟ್ಸ್ ಗಂಜಿ, ನಮ್ಮ ಗಂಜಿಗಿಂತ ಬಹಳ ತೆಳು. ಕಾದಂಬರಿಯ ವರ್ಕ್‌ಹೌಸಿನಲ್ಲಿ (ದಿಕ್ಕಿಲ್ಲದ ಬಡವರನ್ನು ಇಟ್ಟು ದುಡಿಸುತ್ತಿದ್ದ ಮನೆ) ದಿನಕ್ಕೆ ಮೂರು ಹೊತ್ತೂ ಅದೇ, ವಾರಕ್ಕೆ ಎರಡು ಸಲ ಒಂದು ಈರುಳ್ಳಿ, ಭಾನುವಾರ ಅರ್ಧ ಬನ್ನು. ನಾಲ್ಕು ಲೀಟರ್ ನೀರಿಗೆ 240 ಗ್ರಾಂ ಓಟ್ಸ್ ಸಾಕು. ಮಿಕ್ಸಿಯಲ್ಲಿ ರವೆಯಷ್ಟು ತರಿ ಮಾಡಿ, ತಣ್ಣೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಹೊಯ್ದು ಇಪ್ಪತ್ತು ನಿಮಿಷ ಕೈಯಾಡಿಸಿ, ಎರಡು ಟೀ ಚಮಚ ಉಪ್ಪು ಹಾಕಿ. ದಿಢೀರ್ ಓಟ್ಸ್ ಬೇಡ, ಲೋಳೆ ಬಿಡುತ್ತದೆ. ಆರಿದಷ್ಟೂ ಮಂದವಾಗುವುದರಿಂದ ರಂಗದ ಪಕ್ಕದಲ್ಲಿ ಒಂದು ಲೀಟರ್ ಬಿಸಿನೀರು ಇಟ್ಟುಕೊಳ್ಳಿ. ಬಟ್ಟಲುಗಳನ್ನು ಹುಡುಗರು ಚಮಚದಲ್ಲಿ ಕೆರೆದು ಕೆರೆದು ಹೊಳೆಯಿಸುತ್ತಿದ್ದರು ಎಂದು ಡಿಕನ್ಸ್ ಬರೆದಿದ್ದಾರೆ, ಆದ್ದರಿಂದ ಸ್ಟೀಲ್ ಬಟ್ಟಲೇ ಆಗಬೇಕು. ಕೆರೆಯುವ ಸದ್ದು ಕೊನೆಯ ಸಾಲಿನವರಿಗೂ ಕೇಳಿಸುತ್ತದೆ.